ಎಡಕ್ಕೊಂದು ಚಿತ್ರ, ಬಲಕ್ಕೊಂದು ಚಿತ್ರ

ವಡೋದರದ ಪುಷ್ಪಬಾಗಿನಲ್ಲಿ ಮಧ್ಯಾಹ್ನದ ಹೊತ್ತಿಗೂ ಸದ್ದು ಅಡಗುವುದಿಲ್ಲ. ಶಿಲ್ಪ ವಿಭಾಗದ ಕಡೆಯಿಂದ ಉಳಿಯ ಟಕಟಕ, ನಡುನಡುವೆ ಕಲ್ಲು ಕೊಯ್ಯುವ ಯಂತ್ರದ ಕಿರ್ರೆನ್ನುವ ಕೂಗು. ಗ್ರಾಫಿಕ್ಸ್ ಕೋಣೆಯ ಬಾಗಿಲು ದಾಟುವಾಗ ಶಾಯಿಯ ಘಾಟು ಮೂಗಿಗೆ ಅಡರುತ್ತದೆ. ಮರದ ಬುಡದಲ್ಲಿ ಯಾರೋ ಅರ್ಧಕ್ಕೇ ಬಿಟ್ಟುಹೋದ ಕಲ್ಲಿನ ಮೇಕೆ, ಪಕ್ಕದಲ್ಲಿ ತಲೆಯಿಲ್ಲದ ಸಿಮೆಂಟಿನ ಹೆಂಗಸು, ಅವಳ ಭುಜದ ಮೇಲೆ ಒಣಹಾಕಿದ ಟವೆಲ್ಲು. ಕಟ್ಟೆಯ ಮೇಲೆ ಕೂತ ಹುಡುಗರು ಒಂದೇ ಸಿಗರೇಟನ್ನು ಮೂವರು ಹಂಚಿಕೊಳ್ಳುತ್ತಾ ಮಲಯಾಳದಲ್ಲಿ ಜಗಳವಾಡುತ್ತಿದ್ದಾರೆ. ಜಗಳ ಪಿಕಾಸೊನ ಬಗ್ಗೆ.

ಇದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯ. 1949ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಕುಲಪತಿಯಾಗಿದ್ದವರು ಹಂಸಾ ಮೆಹ್ತಾ. ಮರುವರ್ಷವೇ ಇಲ್ಲಿ ಪಾಠ ಶುರುವಾಯಿತು. ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ.ಜಿ. ಸುಬ್ರಹ್ಮಣ್ಯನ್ ಪಾಠ ಮಾಡಿದ ಜಾಗ. ಅಂದಿನವರು ಇಟ್ಟ ಒಂದು ನಿಯಮ ಇಂದಿಗೂ ನಡೆದುಬಂದಿದೆ: ಬಣ್ಣ ಹಚ್ಚುವವನಿರಲಿ, ಕಲ್ಲು ಕೆತ್ತುವವಳಿರಲಿ, ಕಲಾ ಇತಿಹಾಸದ ತರಗತಿಗೆ ಬಂದು ಕೂರಬೇಕು. ಕಲಾ ಇತಿಹಾಸವನ್ನೇ ಓದಲು ಬಂದವರು ಉಳಿಯ ಸದ್ದಿನ ನಡುವೆ ಓದಬೇಕು. ಪುಸ್ತಕದ ಮೂಗಿಗೆ ಕಲ್ಲಿನ ಧೂಳು ತಾಗುತ್ತಲೇ ಇರಬೇಕು ಎಂಬುದು ಅವರ ಲೆಕ್ಕಾಚಾರ.

ತರಗತಿಯೊಳಗೆ ಪರದೆ ಎಳೆದಿದ್ದಾರೆ. ಕೊನೆಯ ಬೆಂಚಿನಲ್ಲಿ ನನಗೂ ಒಂದಿಷ್ಟು ಜಾಗ ಸಿಕ್ಕಿದೆ. ಗೋಡೆಯ ಮೇಲೆ ಏಕಕಾಲಕ್ಕೆ ಎರಡು ಚಿತ್ರಗಳು. ಎಡಕ್ಕೆ ಚೀನಾದ ಉದ್ದನೆಯ ಸುರುಳಿಯ ಒಂದು ತುಂಡು. ಝಾಂಗ್ ಝೆದುವಾನ್ ಬರೆದದ್ದೆನ್ನುವ, ಸೋಂಗ್ ಅರಸರ ರಾಜಧಾನಿಯ ಚಿತ್ರ. 12ನೆಯ ಶತಮಾನದ ಆರಂಭದ್ದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ ಎಂದು ನೆನೆದರೆ ಕಾಲ ಅಂದಾಜಿಗೆ ಸಿಗುತ್ತದೆ. ಬಲಕ್ಕೆ ಇಟಲಿಯ ಸಿಯೆನಾ ಊರಿನ ಪುರಭವನದ ಗೋಡೆ. ಅಂಬ್ರೋಜೊ ಲೊರೆಂಜೆಟ್ಟಿ 1338-39ರಲ್ಲಿ ಬರೆದ, ಒಳ್ಳೆಯ ಆಡಳಿತವಿದ್ದರೆ ಊರು ಹೇಗಿರುತ್ತದೆಂದು ತೋರಿಸುವ ಭಿತ್ತಿಚಿತ್ರ. ನಮ್ಮಲ್ಲಿ ವಿಜಯನಗರ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ.

ಅಧ್ಯಾಪಕಿ ಐದು ನಿಮಿಷ ಬಾಯಿ ಬಿಡುವುದಿಲ್ಲ. ಬರೀ ನೋಡಿ ಎಂದು ಬೆಳಕಿನಿಂದ ಆಚೆ ನಿಂತುಬಿಡುತ್ತಾರೆ. ಮೊದಲ ನಿಮಿಷ ಕಳೆಯುವಷ್ಟರಲ್ಲಿ ಕೆಲವರು ಮೊಬೈಲಿನ ಕಡೆ ಕೈ ಚಾಚಿ ಹಿಂದೆಗೆಯುತ್ತಾರೆ. ಮೂರನೆಯ ನಿಮಿಷಕ್ಕೆ ಕಣ್ಣು ಕೆಲಸ ಶುರುಮಾಡುತ್ತದೆ. ಚೀನಾದ ಚಿತ್ರದಲ್ಲಿ ಬಿಲ್ಲಿನಂತೆ ಬಾಗಿದ ಮರದ ಸೇತುವೆ. ಅದರಡಿಗೆ ಬರುತ್ತಿರುವ ದೋಣಿಯ ಪಟಗಂಬ ಇನ್ನೂ ಪೂರ್ತಿ ಇಳಿದಿಲ್ಲ. ದೋಣಿಯವರು ಗಾಬರಿಯಲ್ಲಿದ್ದಾರೆ, ಸೇತುವೆಯ ಮೇಲಿನ ಜನ ಬಗ್ಗಿ ಕೂಗುತ್ತಿದ್ದಾರೆ, ಅಷ್ಟರಲ್ಲೂ ಅಂಗಡಿಯವರು ವ್ಯಾಪಾರ ಬಿಟ್ಟಿಲ್ಲ. ಸಿಯೆನಾದ ಗೋಡೆಯಲ್ಲಿ ಚಪ್ಪಲಿ ಅಂಗಡಿಯ ಮುಂದೆ ಹೇಸರಗತ್ತೆ ಹಿಡಿದು ನಿಂತ ಗಿರಾಕಿ, ಪಕ್ಕದ ಕಮಾನಿನೊಳಗೆ ಮೇಷ್ಟ್ರೊಬ್ಬರ ಪಾಠ, ಮೇಲೆ ಮಾಳಿಗೆ ಕಟ್ಟುತ್ತಿರುವ ಗಾರೆಯವರು. ನಡುರಸ್ತೆಯಲ್ಲಿ ಕೈಕೈ ಹಿಡಿದು ಕುಣಿಯುವವರ ಗುಂಪು.

"ಯಾವ ಊರಿನಲ್ಲಿ ನೀವು ನಡೆದಾಡಬಲ್ಲಿರಿ?" ಇದು ಅಧ್ಯಾಪಕಿಯ ಮೊದಲ ಪ್ರಶ್ನೆ.

ಉತ್ತರ ಹೊಳೆಯಲು ಹೊತ್ತು ಹಿಡಿಯುತ್ತದೆ. ಸಿಯೆನಾದ ಊರು ಗೋಡೆಯ ಮೇಲೆ ಒಮ್ಮೆಗೇ ಹರಡಿಕೊಂಡಿದೆ; ನಾವು ಆಡಳಿತ ನಡೆಸುವವರ ಕೊಠಡಿಯಲ್ಲಿ ನಿಂತು ಅದನ್ನು ನೋಡುತ್ತೇವೆ. ಚೀನಾದ ಸುರುಳಿಯ ಉದ್ದ 5 ಮೀಟರಿಗೂ ಮಿಗಿಲು, ಅಗಲ ಒಂದು ಗೇಣಿಗಿಂತ ತುಸು ಹೆಚ್ಚು. ಅದನ್ನು ಗೋಡೆಗೆ ತೂಗುಹಾಕುವುದಲ್ಲ. ಮೇಜಿನ ಮೇಲಿಟ್ಟು ಬಲದಿಂದ ಎಡಕ್ಕೆ ತೋಳಗಲದಷ್ಟು ಬಿಚ್ಚಿ, ನೋಡಿದ್ದನ್ನು ಸುತ್ತುತ್ತಾ ಮುಂದಿನದನ್ನು ಬಿಚ್ಚುವುದು. ಊರಿನೊಳಗೆ ಕೈಯಿಂದಲೇ ನಡೆಯಬೇಕು. ಪರದೆಯ ಮೇಲೆ ಕಾಣುವ ಚೌಕಟ್ಟು ಆ ಚಿತ್ರಕ್ಕೆ ಮಾಡುವ ಮೊದಲ ಅನ್ಯಾಯ ಎನ್ನುತ್ತಾರೆ ಅಧ್ಯಾಪಕಿ. ಆಮೇಲೆ ಚೀನೀ ಚಿತ್ರಗಳ ಮೈಮೇಲೆಲ್ಲ ಬೀಳುವ ಕೆಂಪು ಮುದ್ರೆಗಳ ಮಾತು. ಶತಮಾನಗಳುದ್ದಕ್ಕೂ ಅವನ್ನು ಇಟ್ಟುಕೊಂಡವರೆಲ್ಲ ತಮ್ಮ ಮೊಹರು ಒತ್ತಿದ್ದಾರೆ. ನಾವಾದರೆ ಚಿತ್ರ ಕೆಡಿಸಿದ ಎಂದು ಬೈಯುತ್ತಿದ್ದೆವು. ಅಲ್ಲಿ ಅದು ಚಿತ್ರ ನಡೆದುಬಂದ ದಾರಿ.

ಆಮೇಲೆ ಬಲಗಡೆಯ ಚಿತ್ರ ಬದಲಾಗುತ್ತದೆ. ತರಗತಿಯಲ್ಲಿ ಸಣ್ಣ ಗುಜುಗುಜು. ಅದು ಇದೇ ಊರು, ಬರೋಡಾ. ಗುಲಾಮ್ ಮೊಹಮ್ಮದ್ ಶೇಖ್ 1981ರಿಂದ 84ರವರೆಗೆ ಬರೆದ 'ಸಿಟಿ ಫಾರ್ ಸೇಲ್'. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ತರಕಾರಿ ಗಾಡಿ, ಕೋಮುಗಲಭೆಯ ಬೆಂಕಿ, ಥಿಯೇಟರಿನಲ್ಲಿ ಓಡುತ್ತಿರುವ 'ಸಿಲ್‌ಸಿಲಾ' ಸಿನಿಮಾ ಎಲ್ಲ ಒಂದರ ಮೇಲೊಂದು ಏರಿಕೊಂಡಿವೆ. ಶೇಖ್ ಇದೇ ವಿಭಾಗದಲ್ಲಿ ಕಲಾ ಇತಿಹಾಸ ಪಾಠ ಮಾಡಿದವರು. ಸಿಯೆನಾದ ಚಿತ್ರಕಾರರ ಮೋಹ ಅವರಿಗೆ ಹತ್ತಿದ್ದು, ಮೊಘಲ್ ಕಿರುಚಿತ್ರಗಳ ಜೊತೆ ಅದನ್ನು ಇಟ್ಟು ನೋಡುವ ಚಟ ಬೆಳೆದದ್ದು ಪಾಠ ಹೇಳುತ್ತಲೇ ಎಂದು ಕಾಣುತ್ತದೆ. ಒಳ್ಳೆಯ ಆಡಳಿತದ ಊರಿನ ಪಕ್ಕ ಮಾರಾಟಕ್ಕಿಟ್ಟ ಊರು. ಅಧ್ಯಾಪಕಿ ಈ ಸಲ ಪ್ರಶ್ನೆ ಕೇಳುವುದಿಲ್ಲ.

ಹೀಗೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡುವ ಕ್ರಮ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದು. ಅದನ್ನು ಹೆಸರುವಾಸಿ ಮಾಡಿದವನು ಹೈನ್ರಿಶ್ ವೋಲ್ಫ್‌ಲಿನ್. ಕತ್ತಲ ಕೋಣೆ, ಎರಡು ಲಾಂದ್ರಗಳು, ಎಡಕ್ಕೆ ರಿನೈಸಾನ್ಸ್, ಬಲಕ್ಕೆ ಬರೋಕ್. ನೂರು ವರ್ಷ ಜಗತ್ತಿನ ಕಲಾ ಇತಿಹಾಸವೆಲ್ಲ ಆ ಜೋಡಿ ಬೆಳಕಿನಲ್ಲೇ ನಡೆಯಿತು. ಬರೋಡಾದಲ್ಲೂ ದಶಕಗಟ್ಟಲೆ ಸ್ಲೈಡುಗಳನ್ನು ಕೂಡಿಟ್ಟರು. ಅಧ್ಯಾಪಕರು ಹೋದ ದೇವಸ್ಥಾನ, ಗುಹೆ, ಮ್ಯೂಸಿಯಮ್ಮುಗಳಲ್ಲೆಲ್ಲ ತೆಗೆದು ತಂದ ಫೋಟೋಗಳು ಆರ್ಕೈವ್ ಸೇರಿದವು. 2004ರಲ್ಲಿ ಕೊಡ್ಯಾಕ್ ಕಂಪನಿ ಸ್ಲೈಡ್ ಪ್ರೊಜೆಕ್ಟರ್ ಮಾಡುವುದನ್ನೇ ನಿಲ್ಲಿಸಿತು. ಈಗ ಒಂದೇ ಲ್ಯಾಪ್‌ಟಾಪಿನಿಂದ ಎರಡೂ ಚಿತ್ರ. ಆದರೆ ಎಡ-ಬಲದ ಅಭ್ಯಾಸ ಹೋಗಿಲ್ಲ.

ಇಲ್ಲೊಂದು ತಕರಾರಿದೆ, ಅದನ್ನು ಇಲ್ಲಿನ ಹುಡುಗರು ಎರಡನೆಯ ವರ್ಷಕ್ಕೇ ಎತ್ತುತ್ತಾರೆ. ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ಆರಿಸುವವರು ಯಾರು? ಬ್ಯಾನಿಸ್ಟರ್ ಫ್ಲೆಚರ್ ಎಂಬಾತನ ವಾಸ್ತುಶಿಲ್ಪದ ಇತಿಹಾಸ ಇಂಗ್ಲಿಷ್ ಓದುವ ಲೋಕದಲ್ಲೆಲ್ಲ ಪಠ್ಯವಾಗಿದ್ದ ಪುಸ್ತಕ. 20ನೆಯ ಶತಮಾನದ ಆರಂಭದ ಆವೃತ್ತಿಗಳಲ್ಲಿ ಒಂದು ಮರದ ಚಿತ್ರವಿತ್ತು. ಗ್ರೀಸು, ರೋಮು ಕಾಂಡ. ಅಲ್ಲಿಂದ ಮೇಲಕ್ಕೆ ಯುರೋಪು. ಭಾರತ, ಚೀನಾ, ಮೆಕ್ಸಿಕೊಗಳೆಲ್ಲ ಬುಡದಲ್ಲೇ ಚಾಚಿ ಅಲ್ಲಿಗೇ ನಿಂತ ಕೊಂಬೆಗಳು. ಅವಕ್ಕೆ ಅವನು ಇಟ್ಟ ಹೆಸರು ಇತಿಹಾಸವಿಲ್ಲದ ಶೈಲಿಗಳು. ಹಳೇಬೀಡೂ ಆ ಲೆಕ್ಕಕ್ಕೇ ಬಂತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ, ರಿನೈಸಾನ್ಸಿನಿಂದ ಇಂದಿನವರೆಗೆ ಎಂಬ ತನ್ನ ಹೆಸರಾಂತ ಪೀಠಿಕೆಯ ಕೋರ್ಸನ್ನು ಕೈಬಿಡುತ್ತೇನೆಂದು ಹೇಳಿದ್ದು 2020ರಲ್ಲಿ. ಯುರೋಪಿನ ಕಥೆಯೊಂದೇ ಪೀಠಿಕೆಯಾಗಬಾರದು ಎಂಬುದು ಕಾರಣ. ತಡವಾದರೂ ಸರಿಯಾದ ಮಾತೇ. ಆದರೆ ಆ ಕೋರ್ಸನ್ನು ತೆಗೆದುಹಾಕುವುದಕ್ಕಿಂತ ಅದರ ಪಕ್ಕದಲ್ಲಿ ಇನ್ನೊಂದು ಚಿತ್ರ ಇಡುವುದು ಕಷ್ಟದ ಕೆಲಸ ಎಂದು ನನಗನ್ನಿಸುತ್ತದೆ.

ಹಳೇಬೀಡಿನ ಮಾತು ಬಂದಿತಲ್ಲ. ಬಂಗಾಳದಲ್ಲಿ ನೀಲಿ ವ್ಯಾಪಾರ ಮಾಡಿ, ಆಮೇಲೆ ಕಟ್ಟಡಗಳ ಹುಚ್ಚು ಹತ್ತಿಸಿಕೊಂಡ ಜೇಮ್ಸ್ ಫರ್ಗುಸನ್ 1876ರ ತನ್ನ ಪುಸ್ತಕದಲ್ಲಿ ಹೊಯ್ಸಳೇಶ್ವರ ಗುಡಿಯನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಗೆ ಇಟ್ಟ. ಜೋಡಿ ಸ್ಲೈಡು ಇನ್ನೂ ತರಗತಿಗೆ ಬರುವ ಮೊದಲೇ! ಒಂದರಲ್ಲಿ ಲೆಕ್ಕ ಹಾಕಿ ಗೆರೆ ಎಳೆದ ಬುದ್ಧಿ, ಇನ್ನೊಂದರಲ್ಲಿ ಎರಡು ಮುಖ ಒಂದೇ ತರ ಇರಬಾರದೆಂಬ ಉತ್ಸಾಹ. ಕಟ್ಟಡ ಕಲೆಯ ಎರಡು ತುದಿಗಳು ಇವು ಎಂಬುದು ಅವನ ವಾದ. ಹೊಯ್ಸಳರ ಗುಡಿಗಳನ್ನು ಅವನು ಚಾಲುಕ್ಯ ಶೈಲಿ ಎಂದು ಕರೆದ, ಆ ಗೊಂದಲ ಬಹುಕಾಲ ಉಳಿಯಿತು. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳುವ ಎದೆಗಾರಿಕೆ ಅವನಲ್ಲಿತ್ತು. ಕೆತ್ತಿದವರ ಹೆಸರು ಮಾತ್ರ ಅವನಿಗೆ ಬೇಕಾಗಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿದೆ. ಭಾರತೀಯ ಶಿಲ್ಪಿ ಅನಾಮಿಕ ಎಂದು ಇಂದಿಗೂ ಬರೆಯುವವರು ಈ ಕಲ್ಲುಗಳನ್ನು ಓದಿದರೆ ಸಾಕು. ಇತಿಹಾಸಕಾರ ಷ. ಶೆಟ್ಟರ್ ಜೀವಮಾನ ಪೂರ್ತಿ ಹೇಳಿದ್ದು ಇದನ್ನೇ ಅಲ್ಲವೆ.

ತರಗತಿ ಮುಗಿದ ಮೇಲೆ ಹುಡುಗರು ಹೋಗುವುದು ಸಯಾಜಿಬಾಗಿಗೆ. ಊರವರ ಬಾಯಲ್ಲಿ ಕಮಾಟಿಬಾಗ್. ಪಕ್ಕದಲ್ಲಿ ವಿಶ್ವಾಮಿತ್ರಿ ನದಿ, ನಡು ಊರಿನಲ್ಲೇ ದಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳು. ತೋಟದೊಳಗೆ 1894ರ ಮ್ಯೂಸಿಯಂ, ಅದಕ್ಕೆ ಅಂಟಿಕೊಂಡ ಚಿತ್ರಶಾಲೆ. ಚಿತ್ರಶಾಲೆಯ ಕಟ್ಟಡ 1914ಕ್ಕೇ ಮುಗಿದಿತ್ತು. ಯುರೋಪಿನಲ್ಲಿ ಕೊಂಡ ಚಿತ್ರಗಳು ಮಹಾಯುದ್ಧದಿಂದಾಗಿ ಅಲ್ಲೇ ಸಿಕ್ಕಿಕೊಂಡು, ಬಾಗಿಲು ತೆರೆದದ್ದು 1921ರಲ್ಲಿ. ಲಂಡನ್, ಪ್ಯಾರಿಸ್, ಬರ್ಲಿನ್‌ಗಳಲ್ಲಿ ಏಷ್ಯಾದ ವಸ್ತುಗಳನ್ನು ಕೂಡಿಡುತ್ತಿದ್ದ ಕಾಲದಲ್ಲಿ ಇಲ್ಲೊಬ್ಬ ಮರಾಠಾ ದೊರೆ ಯುರೋಪನ್ನು ಕೊಂಡು ತಂದು ತನ್ನ ಪ್ರಜೆಗಳ ಮುಂದೆ ತೂಗುಹಾಕಿದ. ಅಷ್ಟೂ ಚಿತ್ರಗಳು ಮೊದಲ ದರ್ಜೆಯವೇನಲ್ಲ, ಕೆಲವು ತೀರಾ ಸಪ್ಪೆ. ಹಾಗಿದ್ದರೂ ಈಜಿಪ್ಟಿನ ಮಮ್ಮಿ, ಜಪಾನಿನ ಕುಸುರಿ, ಟಿಬೆಟ್ಟಿನ ಪಟ, ಯುರೋಪಿನ ತೈಲಚಿತ್ರ, ತಿಮಿಂಗಿಲದ ಅಸ್ಥಿಪಂಜರ ಇವೆಲ್ಲ ಒಂದೇ ಸೂರಿನಡಿ ಸಿಗುವಾಗ ಜಗತ್ತಿನ ಕಲೆ ಓದುವ ಹುಡುಗನಿಗೆ ಬೇರೆ ಊರಿನ ಟಿಕೆಟು ಬೇಕಿಲ್ಲ. ಭಾನುವಾರ ಹಳ್ಳಿಗಳಿಂದ ಬರುವ ಜನ ಮಮ್ಮಿಯ ಮುಂದೆ ಮಕ್ಕಳನ್ನು ಎತ್ತಿ ಹಿಡಿದು ತೋರಿಸುತ್ತಾರೆ. ಬೆದರಿದ ಮಗು ಅಜ್ಜಿಯ ಸೆರಗು ಹುಡುಕುತ್ತದೆ.

ಈ ಮ್ಯೂಸಿಯಮ್ಮಿನ ನಿಜವಾದ ಸಂಪತ್ತು ಆಕೋಟಾದ ಕಂಚಿನ ಮೂರ್ತಿಗಳು. ಊರಿನ ಪಕ್ಕದ ಆಕೋಟಾದಲ್ಲಿ 1951ರಲ್ಲಿ ನೆಲದಿಂದ ಮೇಲೆದ್ದ ಜೈನ ಮೂರ್ತಿಗಳ ರಾಶಿ ಅದು. ಇದೇ ಊರಿನ ವಿದ್ವಾಂಸ ಯು.ಪಿ. ಶಾ ಅವುಗಳ ಬಗ್ಗೆ ಬರೆದರು. ಅದರಲ್ಲೊಬ್ಬ ಜೀವಂತಸ್ವಾಮಿ, ಇನ್ನೂ ಸನ್ಯಾಸ ಹಿಡಿಯದ ಮಹಾವೀರ. ತಲೆಗೆ ಕಿರೀಟ, ಕೊರಳಿಗೆ ಹಾರ, ನಡುವಿಗೆ ಪಂಚೆ. ಜಿನನೆಂದರೆ ಬತ್ತಲೆ ಎಂದು ಚಿಕ್ಕಂದಿನಿಂದ ಕಂಡುಬಂದ ಕನ್ನಡದ ಕಣ್ಣಿಗೆ ಇದು ಒಂದು ಕ್ಷಣ ಅಚ್ಚರಿ.

ಹಾಸನ ಕಡೆಯ ಹುಡುಗಿಯೊಬ್ಬಳು ಇಲ್ಲಿ ಕಲಾ ಇತಿಹಾಸದ ಎರಡನೆಯ ವರ್ಷದಲ್ಲಿದ್ದಾಳೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು, "ಸಾರ್, ನಮ್ಮ ಗೊಮ್ಮಟನ ಮೇಲೆ ನಾನು ಪೇಪರ್ ಮಾಡಿದೆ. ಪಕ್ಕದಲ್ಲಿ ಯಾವುದನ್ನ ಇಟ್ಟೆ ಹೇಳಿ?" ಎಂದು ಕೇಳಿದಳು. ಮೈಕೆಲೇಂಜಲೊನ ದಾವಿದ್ ಇರಬೇಕೆಂದೆ. ಎಲ್ಲರೂ ಅದನ್ನೇ ಹೇಳ್ತಾರೆ ಎಂದು ನಕ್ಕಳು. ಅವಳು ಇಟ್ಟದ್ದು ಗ್ರೀಕರ ಕೂರೋಸ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ, ಕ್ರಿಸ್ತಪೂರ್ವ 6ನೆಯ ಶತಮಾನದ ಆರಂಭದ ಅಮೃತಶಿಲೆಯ ಹುಡುಗ. ಅಥೆನ್ಸಿನ ಸುತ್ತಣ ನಾಡಿನಲ್ಲಿ ಸಿರಿವಂತ ಮನೆತನದ ಯುವಕನೊಬ್ಬನ ಸಮಾಧಿಯ ಗುರುತಾಗಿ ನಿಂತಿದ್ದವನು.

ಫೋನಿನಲ್ಲಿ ಎರಡನ್ನೂ ಪಕ್ಕಪಕ್ಕ ತೆಗೆದು ತೋರಿಸಿದಳು. ನಿಜಕ್ಕೂ ಅಣ್ಣತಮ್ಮಂದಿರು. ಇಬ್ಬರೂ ಬತ್ತಲೆ, ಇಬ್ಬರೂ ನೆಟ್ಟಗೆ, ಅಗಲ ಭುಜ, ಸಣ್ಣ ನಡು, ಎರಡೂ ಕೈ ಕೆಳಕ್ಕೆ, ಒತ್ತಾಗಿ ಕೆತ್ತಿದ ಕೂದಲು. ಈಗ ಪಾದ ನೋಡಿ ಎಂದಳು. ಕೂರೋಸನ ಎಡಗಾಲು ಒಂದು ಹೆಜ್ಜೆ ಮುಂದೆ. ಆ ನಿಲುವನ್ನು ಗ್ರೀಕರು ಈಜಿಪ್ಟಿನ ಕಲ್ಲುಗಳಿಂದ ಕಲಿತರು, ಆದರೆ ಈಜಿಪ್ಟಿನವರು ಕೈಗೂ ಮೈಗೂ ನಡುವೆ ಬಿಟ್ಟಿದ್ದ ಕಲ್ಲನ್ನು ಕಡಿದು ತೆಗೆದರು. ಅವನ ಮುಷ್ಟಿ ಬಿಗಿದಿದೆ. ನಡೆಯಲು ಹೊರಟವನು. ಗೊಮ್ಮಟನ ಪಾದಗಳು ಸಮ. ಬೆರಳು ಬಿಡುಬೀಸು, ಯಾವುದನ್ನೂ ಹಿಡಿದಿಲ್ಲ. ಎಲ್ಲಿಗೂ ಹೊರಟಿಲ್ಲ. ಹೊರಡದೆ ನಿಂತದ್ದು ಎಷ್ಟು ಕಾಲ ಎಂಬುದನ್ನು ಶಿಲ್ಪಿ ಪಾದದ ಬಳಿಯ ಹುತ್ತಗಳಲ್ಲಿ, ಹೊರಬರುವ ಹಾವುಗಳಲ್ಲಿ, ತೊಡೆ ಸುತ್ತಿ ತೋಳಿಗೆ ಏರಿದ ಬಳ್ಳಿಯಲ್ಲಿ ಹೇಳಿದ್ದಾನೆ.

"ಹುತ್ತ ಬರೀ ಕಥೆ ಅಲ್ಲ ಸಾರ್, ಎಂಜಿನಿಯರಿಂಗು" ಎಂದಳು. ತೊಡೆಯವರೆಗೆ ಹುತ್ತದ ಬಂಡೆ ಅಷ್ಟು ದೊಡ್ಡ ಮೈಗೆ ಆಸರೆ. ಅಲ್ಲಿಂದ ಮೇಲಕ್ಕೆ ಬೆನ್ನಿಗೆ ಒತ್ತಿಲ್ಲ. 58 ಅಡಿಯ ಮೂರ್ತಿ ಸಾವಿರ ವರ್ಷ ಗಾಳಿ ಮಳೆಗೆ ನಿಂತಿರುವುದರ ಗುಟ್ಟು ಅರ್ಧ ಅಲ್ಲಿದೆ. ಇನ್ನು ಬತ್ತಲೆಯ ಮಾತು. ಗ್ರೀಕ್ ಹುಡುಗನ ಬತ್ತಲೆ ಮೈ ತನ್ನ ಯೌವನವನ್ನೂ ಕುಲವನ್ನೂ ಮೆರೆಸುವ ಬತ್ತಲೆ. ಕೊರಳಲ್ಲಿ ಪಟ್ಟಿಯೊಂದು ಇನ್ನೂ ಇದೆ. ಗೊಮ್ಮಟನದು ಅಣ್ಣನನ್ನು ಗೆದ್ದು, ಗೆದ್ದದ್ದನ್ನೂ ಬಿಟ್ಟವನ ಬತ್ತಲೆ. ಈ ಹುಡುಗಿಯ ಪ್ರಬಂಧಕ್ಕೆ ಎಷ್ಟು ಅಂಕ ಬಂತೋ ಕೇಳಲಿಲ್ಲ. ನಾನಾಗಿದ್ದರೆ ಕೈ ಬಿಚ್ಚಿ ಕೊಡುತ್ತಿದ್ದೆ.

ಕಂಚಿನ ಮೂರ್ತಿಗಳ ಮುಂದೆ ಇನ್ನೊಂದು ಜೋಡಿಯೂ ಇಲ್ಲಿನ ತರಗತಿಗಳಲ್ಲಿ ಮಾತಿಗೆ ಬರುತ್ತದೆ: ಪಶ್ಚಿಮ ಆಫ್ರಿಕದ ಬೆನಿನ್ ಅರಮನೆಯ ಹಿತ್ತಾಳೆ ಫಲಕಗಳು. 1897ರಲ್ಲಿ ಬ್ರಿಟಿಷ್ ಸೇನೆ ಅರಮನೆ ಸುಟ್ಟು ಅವನ್ನು ಹೊತ್ತೊಯ್ದಿತು. ಇಷ್ಟು ನಾಜೂಕಾದ ಎರಕ ಆಫ್ರಿಕದವರದಾಗಿರಲು ಸಾಧ್ಯವೇ ಎಂದು ಯುರೋಪಿನ ಪಂಡಿತರಲ್ಲಿ ಅನುಮಾನಪಟ್ಟವರಿದ್ದರು. 2022ರಲ್ಲಿ ಜರ್ಮನಿ ತನ್ನಲ್ಲಿದ್ದ ಕೆಲವನ್ನು ನೈಜೀರಿಯಾಕ್ಕೆ ಒಪ್ಪಿಸಿತು. ಬೆನಿನ್ನಿನ ಎರಕದವರ ವಿಧಾನವೂ ನಮ್ಮವರ ವಿಧಾನವೂ ಒಂದೇ: ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಇದನ್ನು ಹಂತಹಂತವಾಗಿ, ಮೇಣದ ತೂಕಕ್ಕೆ ಲೋಹ ಎಷ್ಟುಪಟ್ಟು ಬೇಕೆಂಬ ಲೆಕ್ಕದ ಸಮೇತ ಬರೆದಿಟ್ಟ ಗ್ರಂಥ 'ಮಾನಸೋಲ್ಲಾಸ'. ಬರೆಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಸುಮಾರು 1130ರಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು. ಬೀದರಿನ ಹುಡುಗನೊಬ್ಬ ಬೆನಿನ್ನಿನ ಫಲಕ ಅರ್ಥಮಾಡಿಕೊಳ್ಳಲು ತನ್ನೂರಿನ ಪುಸ್ತಕ ತೆರೆದರೆ ಸಾಕು ಎಂಬುದು ಎಷ್ಟು ಜನರಿಗೆ ಗೊತ್ತು?

ಈ ಆವರಣದಲ್ಲಿ ಎಲ್ಲವೂ ಸುಸೂತ್ರವೆಂದು ತಿಳಿಯಬೇಡಿ. 2007ರ ಮೇ ತಿಂಗಳಲ್ಲಿ ವಿದ್ಯಾರ್ಥಿಯೊಬ್ಬ ಪರೀಕ್ಷೆಗೆಂದು ಇಟ್ಟ ಚಿತ್ರಗಳ ಬಗ್ಗೆ ಹೊರಗಿನವರು ನುಗ್ಗಿ ಗಲಾಟೆ ಎಬ್ಬಿಸಿದರು, ಹುಡುಗ ಜೈಲು ಸೇರಿದ. ಕಲಾ ಇತಿಹಾಸದ ವಿದ್ಯಾರ್ಥಿಗಳು ಕೂಗಾಡಲಿಲ್ಲ. ಆರ್ಕೈವಿನ ಬಾಗಿಲು ತೆರೆದು ಭಾರತದ, ಯುರೋಪಿನ ಶೃಂಗಾರ ಶಿಲ್ಪ, ಚಿತ್ರಗಳ ಪ್ರತಿಗಳನ್ನು ತಂದು ಸಾಲಾಗಿ ಪ್ರದರ್ಶನಕ್ಕಿಟ್ಟರು. ಅದನ್ನು ಮುಚ್ಚಿ ಎಂದು ಆಡಳಿತ ಹೇಳಿತು, ಮುಚ್ಚಲೊಪ್ಪದ ಪ್ರಭಾರ ಡೀನ್ ಅಮಾನತಾದರು. ಪಕ್ಕಪಕ್ಕ ಚಿತ್ರ ಇಡುವುದು ನಿರಪಾಯದ ಕೆಲಸವಲ್ಲ ಎಂದು ಆಗ ಗೊತ್ತಾಯಿತು.

ಈ ಓದಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಅಪ್ಪಂದಿರಿಗೆ ಇಲ್ಲಿನವರು ಭೂಪೇನ್ ಖಖ್ಖರ್ ಹೆಸರು ಹೇಳುತ್ತಾರೆ. ಮುಂಬಯಿಯ ಈ ಚಾರ್ಟರ್ಡ್ ಅಕೌಂಟೆಂಟ್ 1962ರಲ್ಲಿ ಬರೋಡಾಕ್ಕೆ ಬಂದು ಕಲಾವಿಮರ್ಶೆ ಓದಲು ಸೇರಿದ. ಲೆಕ್ಕಪತ್ರದ ಕೆಲಸ ಬಿಡದೆಯೇ ಚಿತ್ರ ಬರೆದ. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಅವನ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಇಲ್ಲಿ ಓದಿದ್ದು ಶಿಲ್ಪ. ಆದರೆ ಮುಂದೆ ರವಿವರ್ಮನ ಸುಂದರಿಯರಾಗಿ, ಹಳೆಯ ಫೋಟೋಗಳ ಹೆಂಗಸರಾಗಿ ತಾವೇ ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಂತಾಗ, ಶಿಲ್ಪಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಆ ಕತ್ತಲ ಕೋಣೆಯ ಪಾಠವೇ ಇರಬೇಕೆಂದು ನನ್ನ ಊಹೆ.

ಕರ್ನಾಟಕದಲ್ಲೂ ಧಾರವಾಡದಲ್ಲಿ, ಹಂಪಿಯಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲೆಯ ಓದು ನಡೆದಿದೆ. ಆದರೆ ನಮ್ಮ ಬಹುಪಾಲು ಕಾಲೇಜುಗಳಲ್ಲಿ ಹೊಯ್ಸಳ ಗುಡಿ ಎಂದರೆ ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕದ ಟಿಪ್ಪಣಿ. ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಮದನಿಕೆಯರು, ಮುಗಿಯಿತು. ಕಲ್ಲು ನಮ್ಮಲ್ಲಿ ಬೇಕಾದಷ್ಟಿದೆ, ಪಕ್ಕದಲ್ಲಿ ಇಡುವ ಎರಡನೆಯ ಚಿತ್ರ ಇಲ್ಲ. ಅದಕ್ಕೆ ಪ್ರೊಜೆಕ್ಟರ್ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮುಂದಿನ ಸಲ ಶಾಲಾ ಪ್ರವಾಸದ ಬಸ್ಸನ್ನು ಶ್ರವಣಬೆಳಗೊಳಕ್ಕೆ ಹೊರಡಿಸುವ ಮೇಷ್ಟ್ರುಗಳು ಆ ಗ್ರೀಕ್ ಹುಡುಗನ ಒಂದು ಫೋಟೋ ಚೀಲದಲ್ಲಿ ಇಟ್ಟುಕೊಳ್ಳಲಿ. 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತ ಮಕ್ಕಳ ಕೈಗೆ ಅದನ್ನು ಕೊಟ್ಟು, ಮೊದಲು ಪಾದ ನೋಡಿ ಎನ್ನಲಿ. ಉಳಿದದ್ದನ್ನು ಮಕ್ಕಳೇ ಹೇಳುತ್ತಾರೆ.